ಏಳಕ್ಕೆ ಆರು

ಮುನಿರಾಬಾದ ಸ್ಟೇಷನ್ನಿನ ಬೇವಿನ ಬುಡಕ್ಕೆ
ಗೋಣಿತಟ್ಟು ಹಾಸಿ ಕೂತಿರುತ್ತಿದ್ದಳು ಚಿಲ್ಲರೆ ಹುಲಿಗೆವ್ವ.
ಎಡತೊಡೆಯ ಬಳಿ ಹಾಲಿ, ಬಲತೊಡೆಯ ಬಳಿ ಕಲ್ದಾರು,
ನಡುವೆ ಅಂಗೈಯಗಲದ ಕರಿಗಲ್ಲು.
ಹೊಳೆ ದಾಟುವವರು ಏಳು ಕೊಟ್ಟು ಆರು ಒಯ್ಯುವರು,
ದಾಟಿ ಬಂದವರು ಆರು ಕೊಟ್ಟು ಏಳು.
ಎರಡು ಸಲವೂ ಅವಳಿಗೊಂದು ದುಡ್ಡು.

ಅಣೆಕಟ್ಟೆಗೆ ಕಲ್ಲು ಹೊರುವವರು ಶನಿವಾರ ಸಾಲುಗಟ್ಟುತ್ತಿದ್ದರು.
ಈ ದಂಡೆಯ ಬೆವರಿಗೆ ಚಾರ್‌ಮಿನಾರು,
ಆ ದಂಡೆಯ ಬೆವರಿಗೆ ರಾಜನ ತಲೆ,
ಏಳುತ್ತಿದ್ದುದು ಒಂದೇ ಗೋಡೆ.
ಎಡಗೈ ತೋರುಬೆರಳ ಮೇಲೆ ನಾಣ್ಯ ಕೂರಿಸಿ
ಹೆಬ್ಬೆರಳಿಂದ ಚಿಮ್ಮಿ ಕಲ್ಲಿಗೆ ಬೀಳಿಸಿ
ಕಿವಿ ವಾರೆ ಮಾಡುವಳು:
"ಇದಕ್ಕ ಜೀವ ಇಲ್ಲ. ಬ್ಯಾರೆ ಕೊಡು."

ನಾನು ಹುಲಗಿ ಶಾಲೆಯ ಮಾಸ್ತರ,
ನಲವತ್ತೆಂಟು ಹಾಲಿ ಸಂಬಳದವನು.
ಹೊಸಪೇಟೆಯ ಅಂಗಡಿಯಲ್ಲಿ ಅದು ನಲವತ್ತೊಂದು ಚಿಲ್ಲರೆ.
ಉಳಿದವು ಎಲ್ಲಿ ಹೋದವು ಎಂದು ಹೆಂಡತಿ ಕೇಳಿದರೆ
ಹೊಳೆ ಕಡೆ ಕೈ ತೋರಿಸುತ್ತಿದ್ದೆ.

ಮೊದಲ ಇಲೆಕ್ಷನ್ನಿನ ವರ್ಷ ಗೂಡ್ಸ್ ಶೆಡ್ಡಿನ ಮುಂದೆ
ಮೇಜು ಹತ್ತಿ ನಿಂತೊಬ್ಬರು ಕೂಗಿದರು:
ಒಂದು ದೇಶ, ಒಂದು ಬಾವುಟ, ಇನ್ನು ಮೇಲೆ ಒಂದೇ ನಾಣ್ಯ!
ಎಲ್ಲರೂ ಚಪ್ಪಾಳೆ ತಟ್ಟಿದರು.
ನಾನೂ ತಟ್ಟಿದೆ, ನನ್ನ ಏಳು ರೂಪಾಯಿ ನೆನೆದು.
ಹುಲಿಗೆವ್ವ ಎಣಿಸುವ ಕೈ ನಿಲ್ಲಿಸಿ
"ಎಲ್ಲಾ ಒಂದಾದ್ರ ನಾ ಏನು ಬದಲಿ ಮಾಡ್ಲಿ?" ಎಂದಳು.

ಸಂಜೆ ಇನ್ನೊಬ್ಬರ ಕಡೆಯವನು ಬಂದು ಪಿಸುಗುಟ್ಟಿದ:
"ನಮ್ಮ ಡಬ್ಬಿಗೆ ಹಾಕವ್ವಾ,
ಹಾಲಿ ಇನ್ನೂ ಇಪ್ಪತ್ತು ವರ್ಷ ನಡಿತೈತಿ."
ಅವನನ್ನೂ ಕಲ್ಲಿಗೆ ಬಡಿದು ಕೇಳುವವಳ ಹಾಗೆ ನೋಡಿದಳು.

ಆಮೇಲೆ, ನಾನು ಏನೂ ಕೇಳದೆಯೇ:
"ಆ ಗದ್ಲದ ವರ್ಷ ಕದಕ್ಕ ಬೀಸುಕಲ್ಲು ಆನಿಸಿ
ಎಂಟು ತಿಂಗಳ ಕುಂತ ನಿದ್ದಿ ಮಾಡೀನಿ ಮಾಸ್ತರ.
ನಮ್ಮ ಮೈದುನ ಫಕೀರಪ್ಪ ರಾತ್ರಿ ಈಸಿ ಆಚಿ ದಂಡಿ ಸೇರಿದ.
ಸೇರಿದ ಅಂತಾರ.
ಈಗ ಕದ ತಗದು ಮಲಗ್ತೀನಿ.
ಬೆಕ್ಕು ಒಳಗ ಬರತೈತಿ, ಹೋಗತೈತಿ.
ಇದರ ರೇಟು ಎಷ್ಟು? ನೀ ಓದಿದಾವ, ಹೇಳು.
ಆದ್ರ ಕದ ತಗದು ಮಲಗಿದ್ರೂ
ಮುಂಜಾನೆ ಹೊಟ್ಟಿ ಹಸೀತೈತಿ."

ನಾನು ಲೆಕ್ಕದ ಮಾಸ್ತರ.
ಆ ಎಂಟು ತಿಂಗಳು ಗದಗಿನ ಮಾವನ ಮನೆಯಲ್ಲಿದ್ದವನು.
ಏನೂ ಹೇಳಲಿಲ್ಲ.

ಓಟಿನ ದಿನ ಶಾಯಿ ಹಚ್ಚುವ ಕೆಲಸ ನನ್ನ ಪಾಲಿಗೆ.
ಪಟ್ಟಿಯಲ್ಲಿ ಅವಳ ವಯಸ್ಸು ಇಪ್ಪತ್ತು ಕಮ್ಮಿ ಬಿದ್ದಿತ್ತು;
"ಇರಲಿ, ಅಷ್ಟು ಲಾಭ."
ಎಡಗೈ ಎಂದರೆ ಬಲಗೈ ಚಾಚಿದಳು.
"ಎಡದ್ದು ಬ್ಯಾಡ, ಅದು ನನ್ನ ದುಡಿಯೋ ಬೆರಳು."
ಕಾಯಿದೆ, ಎಂದೆ.
ನಾಣ್ಯ ಕೂತು ಕೂತು ಸವೆದ ತಗ್ಗು ಉಗುರಿನ ಪಕ್ಕ;
ಶಾಯಿ ಅಲ್ಲಿ ಹನಿಯಾಗಿ ನಿಂತಿತು.

ಪರದೆಯ ಹಿಂದೆ ಬಹಳ ಹೊತ್ತು.
ಸಾಲು ಗೊಣಗಿತು, ಸಾಹೇಬರು ಗಡಿಯಾರ ನೋಡಿದರು,
ಯಾರದೋ ಕೂಸು ಅತ್ತು ಸುಮ್ಮನಾಯಿತು.
ಹೊರಬಂದವಳು ನನ್ನ ಮೇಜಿನ ಬಳಿ ನಿಂತಳು,
ಕಿವಿ ಇನ್ನೂ ವಾರೆಯಾಗಿಯೇ ಇತ್ತು.
"ಡಬ್ಬ್ಯಾಗ ಹಾಕಿದೆ ಮಾಸ್ತರ, ಕಿವಿಗೊಟ್ಟು ನಿಂತೆ.
ಸಪ್ಪಳನ ಬರಲಿಲ್ಲ."

ಮುಂದಿನ ವಾರ ಸಂಬಳ ಬಿಚ್ಚಿಕೊಂಡು ಬೇವಿನ ಬುಡಕ್ಕೆ ಹೋದೆ.
ಕಪ್ಪಾದ ಬೆರಳಿಂದ ಒಂದೊಂದನ್ನೇ ಚಿಮ್ಮಿ, ಕೇಳಿ,
ನಲವತ್ತೊಂದರವರೆಗೆ ಎಣಿಸಿದಳು,
ತನ್ನ ದುಡ್ಡು ಮುರಿದುಕೊಂಡು.