ಚಕ್ಕುಬಂದಿ

ಮಧುಗಿರಿ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು
ಹೊಂಗೆ ಮರದ ಕೆಳಗೆ ಅಪ್ಪ ಚಿಕ್ಕರಂಗಪ್ಪನ ಮೇಜು.
ಅಪ್ಪ ಹೋದ ಮೇಲೆ ನನ್ನದು.
ಇಪ್ಪತ್ತಾರು ವರ್ಷ ಕಂಡವರ ಜಮೀನು ಕಂಡವರಿಗೆ ಬರೆದಿದ್ದೇನೆ,
'ಯಾರ ಬಲವಂತವೂ ಇಲ್ಲದೆ, ಸ್ವಸ್ಥ ಮನಸ್ಸಿನಿಂದ' ಅಂತ,
ಅಳುತ್ತಾ ಹೆಬ್ಬೆಟ್ಟು ಒತ್ತಿದವರ ಪರವಾಗಿಯೂ.

ನಡುನಡುವೆ, ಗಿರಾಕಿ ಇಲ್ಲದ ಮಧ್ಯಾಹ್ನ,
ಕೆಟ್ಟುಹೋದ ಛಾಪಾ ಕಾಗದದ ಬೆನ್ನ ಮೇಲೆ ಒಂದು ಕಾದಂಬರಿ.
ಮುನ್ನೂರು ಪ್ರತಿ ಅಚ್ಚಾಯಿತು. ಇನ್ನೂರ ಹತ್ತು
ಮಂಚದ ಕೆಳಗೆ ಟ್ರಂಕಿನಲ್ಲಿ ಮಲಗಿದವು.
ಓದುವವರನ್ನು ಎಲ್ಲಿ ಹುಡುಕಲಿ?
ನನ್ನ ಹತ್ತಿರ ಬರುವವರು ಸೈಟು ಕೊಳ್ಳುವವರು.
ಸರಿ, ಅವರಿಗೇ:
ಕ್ರಯಪತ್ರದ ನಕಲಿನ ಜೊತೆ ಒಂದೊಂದು ಪುಸ್ತಕ,
ಅದೇ ಬಿಳಿ ದಾರದಲ್ಲಿ ಬಿಗಿದು.

ಹಾಗೆ ಹೋದದ್ದರಲ್ಲಿ ಒಂದು
ತಾಯಿ ಹೆಸರಿಗೆ ಮೂವತ್ತು ನಲವತ್ತು ಮಾಡಿಸಿದ ಹುಡುಗನ ಕೈಗೆ.
ಸಿನಿಮಾದಲ್ಲಿ ಕ್ಲ್ಯಾಪ್ ಹೊಡೆಯುವ ಕೆಲಸವಂತೆ.
ಹನ್ನೊಂದು ತಿಂಗಳ ಮೇಲೆ ಅವನ ಡೈರೆಕ್ಟರು ಬಂದ, ಬಿಳಿ ಕಾರು.
ಪುಸ್ತಕದಲ್ಲಿ ಮೂರು ಕಡೆ ಬಸ್ ಟಿಕೆಟ್ಟು ಮಡಚಿಟ್ಟಿತ್ತು.
ಟಿಕೆಟ್ಟು ಹುಡುಗನದು. ಕಾರಿನವನು ಓದಿರಲಿಲ್ಲ.
'ಒಂದೇ ಸಾಲಲ್ಲಿ ಕಥೆ ಹೇಳಿ ಮೇಡಂ.'
ಒಂದು ಸಾಲಲ್ಲಿ ಆಗೋದಾದ್ರೆ ನೂರೆಂಬತ್ತು ಪುಟ ಯಾಕಪ್ಪಾ ಬರೀತಿದ್ದೆ
ಅನ್ನಲಿಲ್ಲ. ಅಪ್ಪ ಕಲಿಸಿದ್ದು ಬಾಯಿಗೆ ಬಂತು:
ಪೂರ್ವಕ್ಕೆ, ಹೇಳದೆ ಉಳಿದ ಒಂದು ಮಾತು.
ಪಶ್ಚಿಮಕ್ಕೆ, ಆ ಮಾತಿಗೆ ಕಾದು ಕೂತ ಹನುಮಕ್ಕ.
ಉತ್ತರಕ್ಕೆ, ಅವಳ ತಮ್ಮಂದಿರ ಬಾಬ್ತು.
ದಕ್ಷಿಣಕ್ಕೆ, ಸರ್ಕಾರಿ ರಸ್ತೆ.
ಇದರ ಮಧ್ಯೆ ಇರುವ ಸ್ವತ್ತು.
ಅವನು ಫೋನಿನಲ್ಲಿ ಬರೆದುಕೊಂಡ. 'ರಸ್ತೆ ಚೆನ್ನಾಗಿದೆ' ಅಂದ.

ಅವರ ಕರಾರು ಹದಿನಾಲ್ಕು ಪುಟ, ಇಂಗ್ಲಿಷು.
ಪಕ್ಕದ ಮೇಜಿನ ವಕೀಲ ಗುರುಸಿದ್ದಪ್ಪ ಓದಿ ಹೇಳಿದರು:
ಎಲ್ಲ ಭಾಷೆ, ಇಡೀ ಬ್ರಹ್ಮಾಂಡ,
ಇನ್ನೂ ಕಂಡುಹಿಡಿಯದ ಯಂತ್ರಗಳಲ್ಲೂ ತೋರಿಸುವ ಹಕ್ಕು.
ನಗು ಬಂತು. ಇದು ಅಪ್ಪನ ಸಾಲು ತಾನೆ,
ನಿಧಿ ನಿಕ್ಷೇಪ ಜಲ ಪಾಷಾಣ
ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ.
ಎಂಟನ್ನೂ ಬರೆದುಕೊಟ್ಟವನು ಆಮೇಲೆ
ತಾನೇ ತೋಡಿಸಿದ ಬಾವಿಕಟ್ಟೆ ಮೇಲೆ ಕೂರಲೂ ಅಪ್ಪಣೆ ಕೇಳಬೇಕು.

ಕ್ರಯ ಇಲ್ಲ, ಗುತ್ತಿಗೆ, ಅಂದೆ.
ಮೂರು ವರ್ಷ. ಅಷ್ಟರಲ್ಲಿ ಕ್ಯಾಮೆರಾ ತಿರುಗದಿದ್ದರೆ
ಕಥೆ ಮನೆಗೆ ಬರಬೇಕು, ಕೊಟ್ಟ ಐವತ್ತು ಸಾವಿರ ವಾಪಸು ಕೇಳಬಾರದು.
ತೆರೆಯ ಮೇಲೆ 'ಕಥೆ' ಅಂತ ಬರುವಲ್ಲಿ ನನ್ನ ಹೆಸರು,
ಓದಲು ಆಗುವಷ್ಟು ಹೊತ್ತು.
'ಓದಲು ಆಗುವಷ್ಟು ಹೊತ್ತು' ಕಾನೂನಿನ ಮಾತಲ್ಲ, ಅಂದರು ವಕೀಲರು.
ಇರಲಿ, ಅಂದೆ. ಬರೆಯುವವಳು ನಾನು.

ಆಮೇಲೆ ನೂರ ಹನ್ನೆರಡನೇ ಪುಟ.
ಹನುಮಕ್ಕ ಅಲ್ಲಿ ಏನೂ ಮಾಡುವುದಿಲ್ಲ. ಬೆಟ್ಟದ ನೆರಳು
ಅಂಗಳ ದಾಟಿ ಪಾದಕ್ಕೆ ಬರುವತನಕ ಕೂತಿರುತ್ತಾಳೆ, ಅಷ್ಟೆ.
'ಇಲ್ಲೊಂದು ಹಾಡು ಬರುತ್ತೆ ಮೇಡಂ.'

ಸರ್ವೆ ನಂಬರು ಅಂದ ಮೇಲೆ ಖರಾಬು ಇರುತ್ತದೆ,
ಬಂಡೆ, ಕಳ್ಳಿ, ಗುಂಡಿ. ಬೆಳೆಯಿಲ್ಲ, ಕಂದಾಯವಿಲ್ಲ,
ಅಳತೆಯಲ್ಲಿ ಉಂಟು, ಲೆಕ್ಕದಲ್ಲಿಲ್ಲ.
ಬರೆದೆ: ಪುಟ ೧೧೨ ಖರಾಬು, ಗುತ್ತಿಗೆಗೆ ಸೇರಿಲ್ಲ.
ಡೈರೆಕ್ಟರು ಬಹಳ ಹೊತ್ತು ಆ ಸಾಲನ್ನೇ ನೋಡಿದ.
ಹಿಂದೆ ನಿಂತ ಹುಡುಗ ನಗು ನುಂಗಿಕೊಂಡ.
ಮೂರರಲ್ಲಿ ಒಂದು ಟಿಕೆಟ್ಟು ಆ ಪುಟದಲ್ಲಿತ್ತು.

ಸಾಕ್ಷಿ: ಕಾಫಿ ತರುವ ಸಿರಾಜು, ಝೆರಾಕ್ಸಿನ ಪುಟ್ಟತಾಯಮ್ಮ.
ಬರೆದುಕೊಟ್ಟವರು: ಚಿ. ಜಯಶೀಲ.
ಕೆಳಗೆ ಬಿಕ್ಕಲಂ. ಅಲ್ಲಿಯೂ ಅದೇ ಹೆಸರು.
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಕೈ ತಡವರಿಸಿತು,
'ಶೀ' ಸ್ವಲ್ಪ ಉದ್ದವಾಯಿತು.

ಎರಡು ವರ್ಷ ಏಳು ತಿಂಗಳಾಯಿತು. ಮೊನ್ನೆ ಹುಡುಗ ಫೋನು ಮಾಡಿದ್ದ,
ಹೀರೋ ಡೇಟು ಸಿಕ್ಕಿಲ್ಲವಂತೆ. ಹನುಮಕ್ಕನ ಕಥೆಗೆ ಹೀರೋ ಯಾರು
ಅಂತ ಕೇಳಲು ಹೋಗಲಿಲ್ಲ.
ಇವತ್ತು ಮಿಡಿಗೇಶಿಯ ಗಂಡಹೆಂಡತಿ ದಾನಪತ್ರ ಮಾಡಿಸಿದರು.
ನಕಲಿನ ಜೊತೆ ಪುಸ್ತಕ ಕಟ್ಟಿಕೊಟ್ಟೆ.
'ಇದಕ್ಕೆಷ್ಟು ಫೀಸು?' ಅಂದಳು ಹೆಂಡತಿ.