ಬಾಲದ ಉಕಾರ

ನರಸಾಪುರದ ಕಾರ್ಖಾನೆ ಕಾಂಪೌಂಡಿಗೆ ಅಂಟಿಕೊಂಡು
ತಗಡಿನ ಮಾಡಿನ ಒಂದು ಕೋಣೆ. ಏಳು ಮಕ್ಕಳು.
ಏಳು ಜೊತೆ ಬೂಟು ಬಾಗಿಲ ಹೊರಗೆ, ಮೂತಿ ರಸ್ತೆ ಕಡೆಗೆ,
ಈಗಲೇ ಹೊರಡುವ ಹಾಗೆ.
ಪಕ್ಕದಲ್ಲಿ ನನ್ನ ಹವಾಯಿ ಚಪ್ಪಲಿ, ಒಂದು ಮಗುಚಿ.

ಹೆಸರು ಹೇಳಿಕೊಂಡೆ: ಮುನಿಲಕ್ಷ್ಮಿ.
ಮುನಿರಕುಶುಮಿ, ಅಂದರು ಏಳೂ ಮಂದಿ, ಸೊಂಟ ಬಗ್ಗಿಸಿ.
ನಗು ಬರಲಿಲ್ಲ ನನಗೆ.
ಊರಲ್ಲಿ ಅಪ್ಪನಿಗೇ ನಾನು ಮುನಿಲಚ್ಚಿ,
ರೇಷನ್ ಕಾರ್ಡಿನಲ್ಲಿ ಮುನಿಲಕ್ಷಿ,
ಸರಿಯಾಗಿ ಕರೆದದ್ದು ಬಿ.ಎಡ್. ಹಾಜರಿ ಪುಸ್ತಕ ಒಂದೇ.

ಮೊದಲು ಕುಂಟೆಬಿಲ್ಲೆ.
ಸೀಮೆಸುಣ್ಣದಲ್ಲಿ ಎರಡು ಸಾಲು ಮನೆ ಗೀಚಿದೆ,
ಎಡಕ್ಕೆ ಲ, ಬಲಕ್ಕೆ ರ.
ಲೈಸ್ ಅಂದರೆ ಎಡಕ್ಕೆ, ರೈಸ್ ಅಂದರೆ ಬಲಕ್ಕೆ.
ಅನ್ನ ಅಂದಾಗ ಹೇನಿನ ಮನೆಗೆ ಹಾರಿದ ಇತ್ಸುಕಿ,
ಹೇನು ಅಂದಾಗ ಅನ್ನದ ಮನೆಗೆ.
ಕೊನೆಗೆ ಒಂಟಿ ಕಾಲಲ್ಲಿ ನಡುಗೆರೆಯ ಮೇಲೆ ನಿಂತ.
ನೀನೇ ಹೇಳು, ಅಂದೆ. ಹೇಳಿದ.
ಅವನ ನಾಲಗೆಯೂ ಅಲ್ಲೇ, ಗೆರೆಯ ಮೇಲೇ,
ಲವೂ ಅಲ್ಲ, ರವೂ ಅಲ್ಲ,
ಕಾದ ಕಾವಲಿ ಮೇಲೆ ಒಂದು ಹನಿ ನೀರು ಪುಟಿದ ಹಾಗೆ.

ಬುಕ್ ಅನ್ನಿ, ಅಂದೆ. ಬುಕ್ಕು, ಅಂದವು.
ಬಸ್. ಬಸು.
ಕಪ್. ಕಪ್ಪು.
ಬಾಲ ಬೇಡ, ಬಾಲದ ಉಕಾರ ಕತ್ತರಿಸಿ, ಅಂತ
ಎರಡು ಬೆರಳಲ್ಲಿ ಕತ್ತರಿ ಆಡಿಸುವಾಗಲೇ
ನೆನಪಾಯಿತು: ಬೆಳಿಗ್ಗೆ ನಾನೇ ಅಮ್ಮನಿಗೆ
ಬಸ್ಸು ಬಂತು, ಬಾಕ್ಸು ಕೊಡು, ಲೇಟು, ಲೇಟು, ಅಂದವಳು.
ಎಲ್ಲಿಯ ಅವರ ಕಡಲು, ಎಲ್ಲಿಯ ನಮ್ಮ ಕೋಲಾರ,
ಬರೀ ವ್ಯಂಜನವನ್ನು ಬೀದಿಯಲ್ಲಿ ಬಿಟ್ಟು ಬರಲು
ಇಬ್ಬರಿಗೂ ಮನಸ್ಸಿಲ್ಲ.
ಕೈಗೊಂದು ಸ್ವರ ಹಿಡಿಸಿಯೇ ಕಳಿಸುವವರು,
ನೆಂಟರ ಮಗುವಿನ ಮುಷ್ಟಿಗೆ ಬೆಲ್ಲದ ಚೂರು ಇಟ್ಟಂತೆ.

ಆದರೂ ನನಗೆ ಸಂಬಳ ಬಾಲ ಕತ್ತರಿಸಲಿಕ್ಕೇ.
ಕತ್ತರಿಸಿದವರಿಗೆ ಒಂದೊಂದು ಹುಣಸೆ ಬೀಜ.

ಕನ್ನಡಿ ಆಟದ ದಿನ:
ಬಾಯಿ ಹತ್ತಿರ ಹಿಡಿದು ಹ್ಯಾಟ್ ಅನ್ನಬೇಕು,
ಮಂಜು ಕವಿದರೆ ಗೆದ್ದಂತೆ.
ಕಾಹೊ, ಎಲ್ಲರಿಗಿಂತ ಚಿಕ್ಕವಳು, ಆರು ಬೀಜ ಗೆದ್ದಳು.
ಆಮೇಲೆ ಕನ್ನಡಿಯನ್ನು ನನ್ನ ಮುಖಕ್ಕೆ ಹಿಡಿದಳು.
ಮೊದಲ ದಿನದಿಂದ ಅವಳನ್ನು
ನಾನು ಕಾಓ ಅನ್ನುತ್ತಿದ್ದೆನಂತೆ.

ಕನ್ನಡಿಯಲ್ಲಿ ಮೂರನೇ ಕ್ಲಾಸಿನ ಲಂಗ.
ಡೇರಿಗೆ ಆಲು ಆಕಿ ಬಂದೆ ಸಾ,
ಅಂದದ್ದಕ್ಕೆ ಬಿದಿರ ಕಡ್ಡಿ.
ಹಾಲು ಅನ್ನೇ. ಹಾಲು, ಹಾವು, ಹಾಡು, ಹಸು,
ಬೆರಳ ಗೆಣ್ಣಿಗೊಂದು ಹಕಾರ.
ಕಲಿತದ್ದು ಹಾಳಾಗಬಾರದೆಂದು
ಬೇಡದ ಕಡೆಯೂ ಹಚ್ಚಿದೆ: ಹಪ್ಪ, ಹಮ್ಮ, ಹಕ್ಕ.
ಮನೆ ತುಂಬ ನಗು. ಎಮ್ಮೆ ಮಾತ್ರ
ಎಂದಿನಂತೆ ಆಲೇ ಕೊಟ್ಟಿತು.

ಕಾ, ಹೊ, ಅಂದಳು ಕಾಹೊ, ಮೆಲ್ಲಗೆ.
ಕಡ್ಡಿ ಇರಲಿಲ್ಲ ಅವಳ ಕೈಲಿ.
ಮೂರನೇ ಸಲಕ್ಕೆ ಕನ್ನಡಿ ಮಸುಕಾಯಿತು.
ತನ್ನ ಆರರಲ್ಲಿ ಒಂದು ಬೀಜ ಎಣಿಸಿ ನನಗಿತ್ತಳು.

ಅಷ್ಟರಲ್ಲಿ ಕರೆಂಟು ಹೋಯಿತು,
ಬಾಲ ಸಮೇತ ಕರೆಂಟು.
ಫ್ಯಾನು ಎರಡು ಸುತ್ತು ಸುಮ್ಮನೆ ತಿರುಗಿ ನಿಂತಿತು.
ತಗಡಿನ ಕೆಳಗೆ ಒಬ್ಬರೂ ಅಲುಗಲಿಲ್ಲ.
ಮತ್ತೆ ಬಂದಾಗ ಏಳೂ ಕೊರಳು ಒಟ್ಟಿಗೆ
ರೈಟೋ! ರೈಟೋ!
ಹೆದ್ದಾರಿ ಅಂಚಲ್ಲಿ ನಿಂತಿದ್ದ ಮುಳಬಾಗಿಲ ಬಸ್ಸು
ಕೂಗಿದ್ದು ಯಾರೆಂದು ನೋಡದೆ
ಗೇರು ಹಾಕಿ ಹೊರಟೇಬಿಟ್ಟಿತು.

ತಿದ್ದಬೇಕಿತ್ತು. ಹೋದದ್ದು ನನ್ನ ಬಸ್ಸು.
ಮುಂದಿನದು ಆರೂಮುಕ್ಕಾಲಿಗೆ.
ಇತ್ಸುಕಿ ಬಿಲ್ಲೆ ಎಸೆದ.
ಗೆರೆಯ ಮೇಲೇ ಬಿತ್ತು.