ಬೇಲಿ, ವೇಲಿ

ಕಾಸರಗೋಡಿನ ಕೋರ್ಟಿನಲ್ಲಿ
ಕನ್ನಡವನ್ನು ಮಲಯಾಳಕ್ಕೆ ದಾಟಿಸುವುದು ನನ್ನ ಕೆಲಸ.

"ಕಣ್ಣುಮುಚ್ಚಿ ಕೂತವನಲ್ಲ ಸ್ವಾಮೀ,"
ಪೈವಳಿಕೆಯ ದೂಮಣ್ಣ ರೈ,
"ಕೋರೆಯ ಬಾಯಿಗೆ ಮುಳ್ಳು ಹಾಕಿಸಿದ್ದೆ,
ಮಕ್ಕಳನ್ನು ಎಷ್ಟೋ ಸಲ ಗದರಿಸಿ ಓಡಿಸಿದ್ದೆ.
ಬೇಲಿಯೊಂದು ಇರಲಿಲ್ಲ, ಅಷ್ಟೆ."

ಬೇಲಿಯನ್ನು ವೇಲಿ ಮಾಡಿದೆ.
ಇಡೀ ಹೇಳಿಕೆಯಲ್ಲಿ ಅದೊಂದೇ ಸಲೀಸು ಪದ.

ಜಡ್ಜಮ್ಮನ ಪೆನ್ನು ಅಲ್ಲೇ ನಿಂತಿತು.
ಎಷ್ಟು ಜಾಗ್ರತೆ ಸಾಕೆಂದು ಅಳೆಯುವ ಗೋಜಿಲ್ಲ,
ಕಾನೂನು ಮೊದಲೇ ಅಳೆದಿಟ್ಟಿದೆ:
ಕಲ್ಲು ಕಡಿದ ಗುಂಡಿಗೆ ಸುತ್ತ ಬೇಲಿ, ನಾಲ್ಕಡಿ.
ಮುಳ್ಳು, ಗದರಿಕೆ, ಒಳ್ಳೆತನ
ಯಾವುದೂ ಅದರ ಬದಲಿಗೆ ನಿಲ್ಲದು.

ಇನ್ನೊಂದೇ ಪ್ರಶ್ನೆ: ಬೇಲಿ ಇದ್ದಿದ್ದರೆ ಬೀಳುತ್ತಿದ್ದಳೆ?

ಐತ್ತಪ್ಪ ನಾಯ್ಕರ ಮಗಳು ಹಿಂದಿನ ಬೆಂಚಲ್ಲಿ
ಊರುಗೋಲು ಮಡಿಲಲ್ಲಿಟ್ಟು ಕೂತಿದ್ದಾಳೆ.
ಈಗ ನನ್ನ ಭುಜದೆತ್ತರ.
ಬಿದ್ದಾಗ ಐದು ವರ್ಷ,
ಮೂರಡಿ ಚಿಲ್ಲರೆ.